ವಾರಕ್ಕೊಮ್ಮೆ ಎಣ್ಣೆ ಸ್ನಾನ: ಎಣ್ಣೆ ಬಿಸಿ ಮಾಡುವುದರಿಂದ ತಲೆ ಒಣಗಿಸುವವರೆಗೆ

ಎಣ್ಣೆ ಸ್ನಾನಕ್ಕೆಂದು ಮೊದಲು ಎರಡೂವರೆ ಗಂಟೆ ಬಿಡುವು ಹೊಂದಿಸಿಕೊಳ್ಳಿ. ಎಣ್ಣೆ, ಸೀಗೆಪುಡಿಯ ಮಾತು ಆಮೇಲೆ. ತಯಾರಿಗೆ ಕಾಲು ಗಂಟೆ, ಎಣ್ಣೆ ಹಚ್ಚಿಕೊಳ್ಳಲು ಇಪ್ಪತ್ತೈದು ನಿಮಿಷ, ನೆನೆಯಲು ಅರ್ಧ ಗಂಟೆ, ಸ್ನಾನಕ್ಕೆ ಅರ್ಧ ಗಂಟೆ, ತಲೆ ಒಣಗಿಸಿ ಸುಮ್ಮನೆ ಒರಗಿಕೊಳ್ಳಲು ಮುಕ್ಕಾಲು ಗಂಟೆ. ಒಂಬತ್ತಕ್ಕೆ ಎಲ್ಲೋ ಹೋಗಬೇಕೆಂದು ಏಳೂವರೆಗೆ ತಲೆಗೆ ಎಣ್ಣೆ ಸುರಿದುಕೊಂಡರೆ ಮೈ ಜಿಡ್ಡಾಗುತ್ತದೆ, ಕೂದಲು ಹಸಿಯಾಗಿ ಉಳಿಯುತ್ತದೆ, ಸಂಜೆಗೆ ತಲೆ ಭಾರ. ‘ನಮಗೆ ಎಣ್ಣೆ ಆಗಿಬರೋದಿಲ್ಲ’ ಎನ್ನುವವರಲ್ಲಿ ಬಹಳ ಮಂದಿಗೆ ಆಗಿಬರದಿರುವುದು ಈ ಅವಸರ.

ನಮ್ಮಲ್ಲಿ ಅಭ್ಯಂಜನವೆಂದರೆ ಯುಗಾದಿಯ ಬೆಳಗು, ನರಕ ಚತುರ್ದಶಿಯ ನಸುಕು. ಹಿಂದಿನ ಸಂಜೆಯೇ ಹಂಡೆ ತಿಕ್ಕಿ ತೊಳೆದು, ನೀರು ತುಂಬಿ ಇಡುವ ಹಬ್ಬವೇ ಬೇರೆ ಇದೆ. ವರ್ಷಕ್ಕೆರಡು ಸಲ ಹೀಗೆ ಮಾಡುವುದು ಸಂಭ್ರಮಕ್ಕೆ ಸರಿ. ಮೈಗೂ ಮನಸ್ಸಿಗೂ ಅದರ ಉಪಕಾರ ನಿಲ್ಲಬೇಕಾದರೆ ವಾರಕ್ಕೊಮ್ಮೆ, ಕಡೇ ಪಕ್ಷ ಹದಿನೈದು ದಿನಕ್ಕೊಮ್ಮೆ ಬೇಕು. ಗಂಡಸರಿಗೆ ಶನಿವಾರ, ಹೆಂಗಸರಿಗೆ ಶುಕ್ರವಾರ ಎಂಬ ರೂಢಿ ಹಲವು ಮನೆಗಳಲ್ಲಿದೆ. ಕೆಲಸಕ್ಕೆ ಹೋಗುವವರಿಗೆ ಭಾನುವಾರವೇ ಅನುಕೂಲ. ಯಾವ ವಾರವಾದರೂ ಆಗಲಿ, ಆ ದಿನ ತಪ್ಪಬಾರದು.

ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಒಣಚರ್ಮ ಮೆತ್ತಗಾಗುತ್ತದೆ, ಬಿಗಿದ ಹೆಗಲು ಸೊಂಟ ಸಡಿಲವಾಗುತ್ತವೆ, ಅಂದು ರಾತ್ರಿ ನಿದ್ದೆ ಸಲೀಸಾಗಿ ಬರುತ್ತದೆ. ಬೆಚ್ಚಗಿನ ಎಣ್ಣೆ, ನಿಧಾನದ ಕೈ, ಬಿಸಿನೀರು, ಆಮೇಲಿನ ವಿಶ್ರಾಂತಿ ಇಷ್ಟೂ ಸೇರಿ ಆಗುವ ಕೆಲಸ ಅದು. ಎಣ್ಣೆ ಮೂಳೆಯವರೆಗೆ ಇಳಿಯುವುದಿಲ್ಲ, ಮೈಯ ‘ವಿಷ’ವನ್ನೇನೂ ಹೊರಗೆಳೆಯುವುದಿಲ್ಲ, ಉದುರಿದ ಕೂದಲನ್ನು ಮತ್ತೆ ಹುಟ್ಟಿಸುವುದಿಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಥೈರಾಯ್ಡ್, ಖಿನ್ನತೆಗೆ ನುಂಗುತ್ತಿರುವ ಮಾತ್ರೆಯನ್ನು ಎಣ್ಣೆ ಸ್ನಾನ ನಂಬಿಕೊಂಡು ನಿಲ್ಲಿಸಲೇಬೇಡಿ.

ಯಾವ ಎಣ್ಣೆ, ಎಷ್ಟು

ಮೈಗೆ ಎಳ್ಳೆಣ್ಣೆ ಎಲ್ಲ ಕಾಲಕ್ಕೂ ನಡೆಯುತ್ತದೆ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲೂ ಕರಾವಳಿಯ ಸೆಕೆಯಲ್ಲೂ ಕೊಬ್ಬರಿ ಎಣ್ಣೆ ಹಿತ. ತಲೆಗೆ ಹರಳೆಣ್ಣೆ ಹಚ್ಚುವ ಪದ್ಧತಿ ಹಳೆಯದು. ಉತ್ತರ ಕರ್ನಾಟಕದವರು ಇದನ್ನೇ ಔಡಲೆಣ್ಣೆ ಎನ್ನುತ್ತಾರೆ. ಹರಳೆಣ್ಣೆ ಜೇನಿನಂತೆ ಗಟ್ಟಿ, ಬರಿದೇ ಹಚ್ಚಿದರೆ ಕೂದಲು ಹೆಣೆದುಕೊಳ್ಳುತ್ತದೆ, ಎರಡು ಸಲ ಸೀಗೆ ಹಾಕಿದರೂ ಬಿಡುವುದಿಲ್ಲ. ಒಂದು ಪಾಲು ಹರಳೆಣ್ಣೆಗೆ ಮೂರು ಪಾಲು ಕೊಬ್ಬರಿ ಎಣ್ಣೆ ಬೆರೆಸಿದರೆ ಈ ತೊಂದರೆ ಇಲ್ಲ. ಕೂದಲಿಗೆ ಕೊಬ್ಬರಿ ಎಣ್ಣೆಯನ್ನು ಮುಂದೆ ಮಾಡುವುದಕ್ಕೆ ಇನ್ನೊಂದು ಕಾರಣವಿದೆ: ಅದು ಎಳೆಯ ಒಳಕ್ಕೂ ಸ್ವಲ್ಪ ಇಳಿಯುವುದರಿಂದ ತೊಳೆಯುವಾಗ ಕೂದಲು ಸವೆಯುವುದು ಕಡಿಮೆ.

ಕೊಳ್ಳುವಾಗ ಎರಡು ಕಡೆ ಜನ ಮೋಸ ಹೋಗುತ್ತಾರೆ. ಒಂದು, ದೀಪದ ಎಣ್ಣೆ. ದೇವರ ಚಿತ್ರವಿರುವ ಆ ಬಾಟಲಿಗಳಲ್ಲಿ ಹಲವು ಬೆರಕೆ ಎಣ್ಣೆಗಳಿರುತ್ತವೆ. ‘ಅಡುಗೆಗಲ್ಲ’ ಎಂದು ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ. ತಿನ್ನಲು ಬಾರದ ಎಣ್ಣೆ ಮೈಗೂ ಬೇಡ. ಎರಡನೆಯದು ಹೊರದೇಶದಲ್ಲಿರುವ ಕನ್ನಡಿಗರಿಗೆ: ಅಲ್ಲಿನ ಚೀನೀ ಅಂಗಡಿಗಳಲ್ಲಿ ಸಿಗುವ ಕಡುಕಂದು ಎಳ್ಳೆಣ್ಣೆ ಹುರಿದ ಎಳ್ಳಿನದು, ಒಗ್ಗರಣೆಯ ಘಾಟು ಮೈಗೆ ಹತ್ತಿ ಎರಡು ದಿನ ಬಿಡುವುದಿಲ್ಲ. ಭಾರತೀಯ ಅಂಗಡಿಯ ತಿಳಿಹಳದಿ ಎಳ್ಳೆಣ್ಣೆಯನ್ನೇ ತನ್ನಿ. ಗಾಣದ ಎಣ್ಣೆಯಾದರೆ ಮೂಸಿ ನೋಡಿ. ಕಮಟು ವಾಸನೆ ಬಂದರೆ ಬಿಡಿ.

ದೊಡ್ಡವರೊಬ್ಬರ ಮೈಗೆ 50ರಿಂದ 60 ಮಿಲಿ, ಅಂದರೆ ನಾಲ್ಕು ದೊಡ್ಡ ಚಮಚ. ತಲೆಗೆ ಗಿಡ್ಡ ಕೂದಲಾದರೆ 10 ಮಿಲಿ, ಸೊಂಟದವರೆಗಿನ ಕೂದಲಾದರೆ 20 ಮಿಲಿ. ಲೀಟರ್ ಎಣ್ಣೆ ಒಬ್ಬರಿಗೆ ಹತ್ತಿರಹತ್ತಿರ ಮೂರು ತಿಂಗಳು ಬರುತ್ತದೆ. ಮೊದಲ ಸಲ ಮಾಡುವವರು ಹಿಂದಿನ ದಿನ ಮೊಣಕೈ ಒಳಮಗ್ಗುಲಿಗೆ ಎರಡು ಹನಿ ಸವರಿ ನೋಡಿ. ಎಳ್ಳಿನ ಅಲರ್ಜಿ ಇರುವವರು ಇದ್ದಾರೆ. ಮೊಡವೆ ಏಳುವ ಮುಖ, ಬೆನ್ನಿಗೆ ಕೊಬ್ಬರಿ ಎಣ್ಣೆ ಬೇಡ.

ಸೀಗೆಪುಡಿ ಮನೆಯಲ್ಲೇ ಮಾಡಿಸುವುದಾದರೆ

ಅಂಗಡಿಯ ಪೊಟ್ಟಣಕ್ಕಿಂತ ಇದು ಎಷ್ಟೋ ಮೇಲು. ಸೀಗೆಕಾಯಿ ಅರ್ಧ ಕಿಲೋ, ಹೆಸರುಕಾಳು ಕಾಲು ಕಿಲೋ, ಮೆಂತ್ಯ 100 ಗ್ರಾಂ, ಬೀಜ ತೆಗೆದ ಅಂಟುವಾಳಕಾಯಿ 100 ಗ್ರಾಂ, ನೆರಳಲ್ಲಿ ಒಣಗಿಸಿದ ದಾಸವಾಳದ ಎಲೆ ಎರಡು ಹಿಡಿ, ಒಣಗಿದ ನಿಂಬೆ ಅಥವಾ ಕಿತ್ತಳೆ ಸಿಪ್ಪೆ ಒಂದು ಹಿಡಿ. ಚಿಗರೆ ಮರದ ಎಲೆಯ ಪುಡಿ ಸಿಕ್ಕರೆ 100 ಗ್ರಾಂ ಕೊನೆಯಲ್ಲಿ ಬೆರೆಸಿ. ಸೀಗೆಕಾಯನ್ನು ಎರಡು ಮೂರು ದಿನ ಒಳ್ಳೆಯ ಬಿಸಿಲಿನಲ್ಲಿ ಒಣಗಿಸಬೇಕು, ಮುರಿದರೆ ಟಕ್ಕೆನ್ನಬೇಕು. ಬಾಗಿದರೆ ಇನ್ನೂ ಒಣಗಿಲ್ಲ. ಅಂಥದ್ದನ್ನು ಬೀಸಿಸಿದರೆ ಮಳೆಗಾಲದಲ್ಲಿ ಪುಡಿ ಗಂಟುಕಟ್ಟಿ ಹುಳು ಬೀಳುತ್ತದೆ. ಗಿರಣಿಯವರು ಸೀಗೆಯನ್ನು ದಿನದ ಕೊನೆಗೆ ಹಾಕುವುದು ಹಿಟ್ಟಿಗೆ ಬೆರೆಯದಿರಲೆಂದು, ಆದ್ದರಿಂದ ಸಂಜೆ ಹೋಗಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಸೀನು ನಿಲ್ಲುವುದೇ ಇಲ್ಲ. ಬೀಸಿಸಿ ತಂದ ಪುಡಿಯನ್ನು ತೆಳುಬಟ್ಟೆಯಲ್ಲಿ ಜರಡಿ ಹಿಡಿಯಲೇಬೇಕು. ನಾರು ಉಳಿದ ಪುಡಿ ನೆತ್ತಿಯಲ್ಲಿ ಕೂತು ತುರಿಸುತ್ತದೆ, ಕಣ್ಣಿಗೆ ಬಿದ್ದರೆ ಗೀರುತ್ತದೆ.

ಸೀಗೆ, ಅಂಟುವಾಳಗಳಲ್ಲಿ ಸಹಜವಾಗಿಯೇ ನೊರೆ ಬರಿಸುವ ಅಂಶವಿದೆ. ಅದು ಜಿಡ್ಡನ್ನು ತೆಗೆಯುತ್ತದೆ, ಪೂರ್ತಿ ಕಿತ್ತುಹಾಕುವುದಿಲ್ಲ. ಆ ತೆಳುವಾದ ಎಣ್ಣೆಯ ಪಸೆ ಉಳಿಯುವುದೇ ಬೇಕಾದ್ದು. ಶಾಂಪೂ ಹಾಕಿ ಕಿರಕಿರ ಎನ್ನುವವರೆಗೆ ತೊಳೆದರೆ ಅರ್ಧ ಗಂಟೆ ಎಣ್ಣೆ ನೆನೆಸಿದ್ದು ವ್ಯರ್ಥ. ಮಲೆನಾಡು, ಕರಾವಳಿಯವರು ಮತ್ತಿ ಎಲೆಯನ್ನೋ ದಾಸವಾಳದ ಎಲೆಯನ್ನೋ ನೀರಲ್ಲಿ ಕಿವುಚಿ ಮಾಡುವ ಗೊಂಪು ಕೂಡ ಇದೇ ಕೆಲಸ ಮಾಡುತ್ತದೆ, ತಲೆಗೆ ಇನ್ನೂ ತಂಪು.

ಮೈಗೆ ಕಡಲೆಹಿಟ್ಟು ಅಥವಾ ಹೆಸರುಹಿಟ್ಟು ಅರ್ಧ ಬಟ್ಟಲು, ಜೊತೆಗೆ ಚಿಟಿಕೆ ಕಸ್ತೂರಿ ಅರಿಶಿನ. ಅಡುಗೆಯ ಅರಿಶಿನ ಹಾಕಿದರೆ ಟವೆಲ್ಲಿಗೂ ಉಗುರಿಗೂ ಬಣ್ಣ ಹತ್ತುತ್ತದೆ.

ಬಚ್ಚಲುಮನೆ ಮೊದಲು

ಎಣ್ಣೆ ಸ್ನಾನದಲ್ಲಿ ಆಗುವ ದೊಡ್ಡ ಅನಾಹುತ ಜಾರಿ ಬೀಳುವುದು. ಎಣ್ಣೆಗಾಲಿನಲ್ಲಿ ಟೈಲ್ಸ್ ಮೇಲೆ ನಡೆಯುವುದು ವಯಸ್ಸಾದವರ ಸೊಂಟದ ಮೂಳೆಗೇ ಕುತ್ತು. ಬಚ್ಚಲಿನೊಳಗೆ ಗೋಣಿಚೀಲ ಅಥವಾ ರಬ್ಬರ್ ಚಾಪೆ ಹಾಸಿ, ಮಣೆಯನ್ನೋ ಪ್ಲಾಸ್ಟಿಕ್ ಸ್ಟೂಲನ್ನೋ ಇಟ್ಟು ಅದರ ಮೇಲೆ ಕೂತೇ ಸ್ನಾನ ಮಾಡಿ. ಎಣ್ಣೆ ಹಚ್ಚಿಕೊಳ್ಳುವುದನ್ನೂ ಬಚ್ಚಲಿನ ಪಕ್ಕದಲ್ಲೇ ಮಾಡಿ, ಅಂಗಾಲಿಗೆ ಎಲ್ಲಕ್ಕಿಂತ ಕೊನೆಗೆ ಹಚ್ಚಿ. ಸೀಗೆ, ಹಿಟ್ಟು, ಟವೆಲ್, ಬಟ್ಟೆ ಎಲ್ಲ ಕೈಗೆಟುಕುವಂತೆ ಮೊದಲೇ ಇಟ್ಟುಕೊಂಡರೆ ಮಧ್ಯದಲ್ಲಿ ಏಳುವ ಪ್ರಮೇಯ ಬರುವುದಿಲ್ಲ.

ಗ್ಯಾಸ್ ಗೀಸರ್ ಬಚ್ಚಲಿನೊಳಗೇ ಇದ್ದರೆ ಈ ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಮುಚ್ಚಿದ ಕೋಣೆಯಲ್ಲಿ ಅದು ಉರಿಯುವಾಗ ಬಣ್ಣ, ವಾಸನೆ ಎರಡೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಹತ್ತು ನಿಮಿಷದ ಸ್ನಾನಕ್ಕಿಂತ ಅರ್ಧ ಗಂಟೆಯ ಎಣ್ಣೆ ಸ್ನಾನದಲ್ಲಿ ಅಪಾಯ ಹೆಚ್ಚು. ತಲೆ ಸುತ್ತುವುದು ಗೊತ್ತಾಗುವಷ್ಟರಲ್ಲಿ ಏಳುವ ಶಕ್ತಿ ಇರುವುದಿಲ್ಲ. ಗೀಸರನ್ನು ಹೊರಗೆ ಗಾಳಿಯಾಡುವ ಕಡೆ ಹಾಕಿಸಿ. ಅದು ಆಗುವವರೆಗೆ ಕಿಟಕಿ ತೆರೆದು ಬಕೆಟ್‌ಗಳಿಗೆ ನೀರು ತುಂಬಿಸಿಕೊಂಡು, ಗೀಸರ್ ಪೂರ್ತಿ ಆರಿಸಿ, ಸ್ವಲ್ಪ ಹೊತ್ತು ಬಾಗಿಲು ತೆರೆದಿಟ್ಟ ಮೇಲೆಯೇ ಸ್ನಾನಕ್ಕೆ ಕೂರಿ. ಸೌದೆ ಒಲೆ, ಕೆಂಡಕ್ಕೂ ಇದೇ ನಿಯಮ.

ಎಣ್ಣೆ ಹಚ್ಚುವ ಕ್ರಮ

ಊಟವಾಗಿ ಎರಡು ಗಂಟೆ ಕಳೆದಿರಲಿ. ಬೆಳಗ್ಗೆಯಾದರೆ ಒಂದು ಲೋಟ ಬೆಚ್ಚಗಿನ ನೀರು ಕುಡಿದು ಶುರು ಮಾಡಬಹುದು. ಎಣ್ಣೆಯ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿ ಐದು ನಿಮಿಷ ಇಡಿ. ನೇರ ಉರಿಯ ಮೇಲೆ ಇಟ್ಟರೆ ಎಷ್ಟು ಕಾದಿದೆ ಎಂದು ತಿಳಿಯುವುದಿಲ್ಲ, ಎಣ್ಣೆ ಆವಿಯಾಡದೆಯೇ ಚರ್ಮ ಸುಡುವಷ್ಟು ಬಿಸಿಯಾಗಿರುತ್ತದೆ. ಮಣಿಕಟ್ಟಿನ ಒಳಭಾಗಕ್ಕೆ ಒಂದು ಹನಿ ಬಿಟ್ಟುಕೊಂಡಾಗ ಹಿತವೆನಿಸಿದರೆ ಸರಿ.

ಆಯುರ್ವೇದದ ಹಳೆಯ ಗ್ರಂಥವಾದ ವಾಗ್ಭಟನ ಅಷ್ಟಾಂಗಹೃದಯ ಅಭ್ಯಂಗದಲ್ಲಿ, ಅಂದರೆ ಮೈಗೆ ಎಣ್ಣೆ ಹಚ್ಚುವಾಗ, ತಲೆ, ಕಿವಿ, ಪಾದ ಈ ಮೂರಕ್ಕೆ ವಿಶೇಷ ಗಮನ ಕೊಡಲು ಹೇಳುತ್ತದೆ. ತಲೆಯಿಂದಲೇ ಆರಂಭಿಸಿ. ನೆತ್ತಿಗೆ ಒಂದು ಚಮಚ ಎಣ್ಣೆ ಬಿಟ್ಟು ಅಂಗೈಯಿಂದ ಮೆಲ್ಲಗೆ ತಟ್ಟಿ, ಆಮೇಲೆ ಬೆರಳ ತುದಿಗಳಿಂದ ಬುರುಡೆಯ ಚರ್ಮವನ್ನೇ ಅಲುಗಿಸುವಂತೆ ಒತ್ತಿ. ಉಗುರು ತಾಗಬಾರದು, ಕೂದಲನ್ನು ಕೂದಲಿಗೆ ಉಜ್ಜಬಾರದು. ಐದು ನಿಮಿಷ. ಕಿವಿಯ ಹಾಲೆ, ಕಿವಿಯ ಹಿಂದಿನ ತಗ್ಗು, ಕತ್ತಿನ ಹಿಂಭಾಗ ಇಲ್ಲಿ ಇನ್ನೆರಡು ನಿಮಿಷ ನಿಲ್ಲಿ; ದಿನವಿಡೀ ಪರದೆ ನೋಡುವವರ ಬಿಗಿತವೆಲ್ಲ ಕೂತಿರುವುದು ಅಲ್ಲೇ. ಕಿವಿಯ ತೂತಿನೊಳಗೆ ಎಣ್ಣೆ ಬೇಡ. ತಮಟೆ ಹರಿದಿದ್ದರೆ ಕೀವಾಗುತ್ತದೆ.

ಆಮೇಲೆ ಕೈ. ತೋಳು, ಮುಂಗೈಗಳಂಥ ಉದ್ದ ಭಾಗಕ್ಕೆ ಉದ್ದನೆಯ ಎಳೆತ, ಭುಜ, ಮೊಣಕೈ, ಮಣಿಕಟ್ಟಿನಂಥ ಕೀಲಿಗೆ ಸುತ್ತಿನ ಉಜ್ಜು. ಹೊಟ್ಟೆಗೆ ಅಂಗೈ ಇಟ್ಟು ಬಲಗಡೆ ಕೆಳಗಿನಿಂದ ಮೇಲಕ್ಕೆ, ಅಡ್ಡ, ಎಡಗಡೆ ಕೆಳಕ್ಕೆ ಹೀಗೆ ಸುತ್ತು ತಿರುಗಿಸಿ. ದೊಡ್ಡ ಕರುಳು ಸಾಗುವ ದಾರಿಯೇ ಇದು. ಬೆನ್ನಿಗೆ ಮನೆಯವರ ಕೈ ಬೇಕು. ಒಬ್ಬರೇ ಇದ್ದರೆ ಹಳೆಯ ಹತ್ತಿ ಪಂಚೆಗೆ ಎಣ್ಣೆ ಸವರಿ ಎರಡೂ ತುದಿ ಹಿಡಿದು ಎಳೆದಾಡಿ. ತೊಡೆ, ಮಂಡಿ, ಮೀನಖಂಡ, ಹರಡು, ಕೊನೆಗೆ ಅಂಗಾಲು; ಕಾಲಿಗೆ ಒಟ್ಟು ಎಂಟು ಹತ್ತು ನಿಮಿಷ ಕೊಡಿ. ಕೈ ನಿಧಾನವಾಗಿರಲಿ. ಗಸಗಸ ತಿಕ್ಕಿದರೆ ರೋಮದ ಬುಡ ಕೆರಳಿ ಮರುದಿನ ಕೆಂಪು ಗುಳ್ಳೆ ಏಳುತ್ತದೆ, ಅದನ್ನು ‘ಉಷ್ಣ ಹೊರಬಂತು’ ಎಂದು ತಪ್ಪಾಗಿ ತಿಳಿಯುವವರುಂಟು. ಉಬ್ಬಿದ ನರಗಳಿರುವ ಕಾಲನ್ನು ಒತ್ತಬೇಡಿ, ಸವರಿದರೆ ಸಾಕು. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಎಣ್ಣೆ ಮುಟ್ಟಿಸದೆ ಅಂದೇ ವೈದ್ಯರಿಗೆ ತೋರಿಸಿ. ನರದೊಳಗೆ ರಕ್ತ ಹೆಪ್ಪುಗಟ್ಟಿರಬಹುದು, ತಿಕ್ಕಿದರೆ ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗುವ ಭಯವಿದೆ.

ನೆನೆಯುವ ಅರ್ಧ ಗಂಟೆ

ಮನಸ್ಸಿಗೆ ಸಂಬಂಧಿಸಿದ ಭಾಗ ಇದು, ಹೆಚ್ಚಿನವರು ಮೊಬೈಲ್ ಹಿಡಿದು ಕಳೆದುಬಿಡುವುದೂ ಇದನ್ನೇ. ಫ್ಯಾನ್ ಆರಿಸಿ, ಹಳೆಯ ಬೆಡ್‌ಶೀಟ್ ಹೊದ್ದು, ಗೋಡೆಗೆ ಒರಗಿ ಕೂರಿ. ಎಳೆಬಿಸಿಲು ಬೀಳುವ ಜಾಗವಾದರೆ ಹತ್ತು ನಿಮಿಷ ಅಲ್ಲೇ. ಮೊದಲು ಉಸಿರನ್ನು ಎಣಿಸಿ: ನಾಲ್ಕು ಎಣಿಸುವವರೆಗೆ ಒಳಕ್ಕೆ, ಆರು ಎಣಿಸುವವರೆಗೆ ಹೊರಕ್ಕೆ. ನಿಮಿಷಕ್ಕೆ ಆರು ಉಸಿರಿನಷ್ಟಾಗುತ್ತದೆ. ಹೊರಹೋಗುವ ಉಸಿರು ಉದ್ದವಾದಾಗ ಎದೆಬಡಿತ ತಾನಾಗಿ ನಿಧಾನವಾಗುತ್ತದೆ, ಐದು ನಿಮಿಷದಲ್ಲಿ ಹೆಗಲು ಕೆಳಗಿಳಿದದ್ದು ನಿಮಗೇ ತಿಳಿಯುತ್ತದೆ. ತಲೆ ಹಗುರಾಗಿ ತೇಲಿದಂತಾದರೆ ಉಸಿರನ್ನು ಬಲವಂತವಾಗಿ ಎಳೆಯುತ್ತಿದ್ದೀರಿ ಎಂದರ್ಥ; ಎಣಿಕೆ ಬಿಟ್ಟು ಸಹಜವಾಗಿ ಉಸಿರಾಡಿ.

ನಂತರ ಭ್ರಾಮರಿ ಐದರಿಂದ ಏಳು ಸುತ್ತು. ತುಟಿ ಮುಚ್ಚಿ, ಹಲ್ಲು ಬಿಡಿಸಿ, ಉಸಿರು ಬಿಡುತ್ತಾ ದುಂಬಿಯ ಹಾಗೆ ಮ್‌ಮ್‌ಮ್ ಎಂದು ನಾದ ಹೊರಡಿಸುವುದು. ಹೆಬ್ಬೆರಳಿಂದ ಕಿವಿ ಮುಚ್ಚಿಕೊಳ್ಳಬಹುದು, ಆದರೆ ಯೋಗ ತರಗತಿಯಲ್ಲಿ ಕಲಿಸುವಂತೆ ಕಣ್ಣಿನ ಮೇಲೆ ಬೆರಳಿಡುವುದು ಇಲ್ಲಿ ಬೇಡ, ಕೈಯಲ್ಲಿ ಎಣ್ಣೆ ಇದೆ. ಉಳಿದ ಹೊತ್ತು ನಾಮಸ್ಮರಣೆ, ಬಾಯಿಗೆ ಬರುವ ವಚನವೋ ದೇವರನಾಮವೋ, ಇಲ್ಲವೇ ಬರಿಯ ಮೌನ, ನಿಮ್ಮ ನಿಮ್ಮ ಇಷ್ಟ. ಒಟ್ಟು ಅರ್ಧ ಗಂಟೆ ಸಾಕು. ಎರಡು ಗಂಟೆ ನೆನೆದರೆ ಹೆಚ್ಚು ಫಲವೆಂಬುದು ಬರಿಯ ನಂಬಿಕೆ. ಚಳಿಯಾಗುತ್ತದೆ, ಶೀತದ ಪ್ರಕೃತಿಯವರಿಗೆ ಮೂಗು ಕಟ್ಟುತ್ತದೆ.

ಸ್ನಾನ

ಎರಡು ಬಕೆಟ್, ಅಂದರೆ 30ರಿಂದ 40 ಲೀಟರ್ ನೀರು ಬೇಕು. ಮೂರು ಲೀಟರಿನ ಪುಟ್ಟ ಗೀಸರ್ ನಂಬಿ ಕೂತರೆ ನಡುವೆ ತಣ್ಣೀರು ಬರುತ್ತದೆ. ಮೈಗೆ 40 ಡಿಗ್ರಿಯ ಸುಮಾರು, ಮೊಣಕೈ ಅದ್ದಿದರೆ ಬೆಚ್ಚಗೆನಿಸಬೇಕು. ತಲೆಗೆ ಅದಕ್ಕಿಂತ ತಂಪಾದ, ಉಗುರುಬೆಚ್ಚಗಿನ ನೀರು. ಕುತ್ತಿಗೆಯಿಂದ ಕೆಳಗೆ ಬಿಸಿನೀರು ಬಲ ಕೊಡುತ್ತದೆ, ತಲೆಗೆ ಹಾಕಿದರೆ ಕೂದಲಿಗೂ ಕಣ್ಣಿಗೂ ಕೆಡುಕು ಎಂದು ವಾಗ್ಭಟನೇ ಹೇಳಿದ್ದಾನೆ. ಆದರೂ ಹಂಡೆಯಿಂದ ಹೊಗೆಯಾಡುವ ನೀರನ್ನು ನೆತ್ತಿಗೆ ಸುರಿಯುವುದು ನಿಂತಿಲ್ಲ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಿಗೆ ಬಿಸಿ ತಿಳಿಯುವುದಿಲ್ಲ, ಅವರ ನೀರನ್ನು ಬೇರೆಯವರೇ ಮುಟ್ಟಿ ನೋಡಬೇಕು.

ಮೈ ಮೊದಲೋ ತಲೆ ಮೊದಲೋ? ಮೈಗೆ ಮೊದಲು ಒಣಹಿಟ್ಟು ಉಜ್ಜಿ. ನೀರು ಸೋಕಿಸುವ ಮುನ್ನವೇ, ಎಣ್ಣೆಮೈ ಮೇಲೆ. ಹಿಟ್ಟು ಎಣ್ಣೆಯನ್ನು ಹೀರಿ ಸಣ್ಣ ಸಣ್ಣ ಎಳೆಯಾಗಿ ಉದುರುತ್ತದೆ. ನೀರು ಸುರಿದುಕೊಂಡು ಆಮೇಲೆ ಹಿಟ್ಟು ಹಾಕಿದರೆ ಅದು ಪೇಸ್ಟಾಗಿ ಜಾರುತ್ತದೆಯೇ ಹೊರತು ಜಿಡ್ಡು ಬಿಡುವುದಿಲ್ಲ. ‘ಹಿಟ್ಟಿನಿಂದ ಎಣ್ಣೆ ಹೋಗೋದೇ ಇಲ್ಲ’ ಎಂಬ ದೂರು ಬರುವುದು ಇಲ್ಲಿಂದಲೇ. ಉದುರಿದ ಹಿಟ್ಟನ್ನು ಗುಡಿಸಿ ಕಸಕ್ಕೆ ಹಾಕಿ, ನೀರಿಗೆ ಬಿಟ್ಟರೆ ಮೋರಿ ಕಟ್ಟಿಕೊಳ್ಳುತ್ತದೆ.

ತಲೆಗೆ ಮೂರು ನಾಲ್ಕು ದೊಡ್ಡ ಚಮಚ ಸೀಗೆಪುಡಿಯನ್ನು ಬಿಸಿನೀರಲ್ಲೋ ತೆಳುಗಂಜಿಯಲ್ಲೋ ದೋಸೆ ಹಿಟ್ಟಿನ ಹದಕ್ಕೆ ಕಲಸಿ ಹತ್ತು ನಿಮಿಷ ಮೊದಲೇ ಇಟ್ಟಿರಬೇಕು. ಕಾಂಟ್ಯಾಕ್ಟ್ ಲೆನ್ಸ್ ತೆಗೆದಿಡಿ. ತಲೆಯನ್ನು ಹಿಂದಕ್ಕೆ ಬಾಗಿಸಿ, ಕಣ್ಣು ಮುಚ್ಚಿ, ಅರ್ಧದಷ್ಟು ಹಚ್ಚಿ ತಿಕ್ಕಿ ತೊಳೆಯಿರಿ. ಈ ಮೊದಲ ಸಲ ನೊರೆ ಬರುವುದಿಲ್ಲ, ಗಾಬರಿ ಬೇಡ, ಎಣ್ಣೆ ಅದನ್ನು ತಿಂದುಬಿಡುತ್ತದೆ. ಉಳಿದರ್ಧ ಹಚ್ಚಿದಾಗ ನೊರೆ ಏಳುತ್ತದೆ. ಕಣ್ಣಿಗೆ ಬಿದ್ದರೆ ಉಜ್ಜಬೇಡಿ, ಬೊಗಸೆಯಲ್ಲಿ ತಣ್ಣೀರು ಹಿಡಿದು ಅದರಲ್ಲಿ ಕಣ್ಣು ಪಿಳುಕಿಸಿ. ಉರಿ ಒಂದೆರಡು ಗಂಟೆಯಲ್ಲಿ ಇಳಿಯದಿದ್ದರೆ ಕಣ್ಣಿನ ವೈದ್ಯರಲ್ಲಿಗೆ ಹೋಗಿ.

ಏಳುವಾಗ ನಿಧಾನ. ಬಿಸಿನೀರಿಗೆ ರಕ್ತನಾಳ ಹಿಗ್ಗಿ ಒತ್ತಡ ಇಳಿದಿರುತ್ತದೆ. ಕೂತಲ್ಲೇ ಮೈ ಒರೆಸಿಕೊಂಡು, ಒಂದು ನಿಮಿಷ ತಡೆದು, ಗೋಡೆ ಹಿಡಿದು ಏಳಿ. ಬಿಪಿ ಮಾತ್ರೆ ತೆಗೆದುಕೊಳ್ಳುವವರು, ಬಾಣಂತಿಯರು ಬಾಗಿಲಿಗೆ ಚಿಲಕ ಹಾಕಿಕೊಳ್ಳಲೇಬಾರದು.

ಯಾರಿಗೆ ಬೇಡ

ಜ್ವರ, ಕಫ ಕಟ್ಟಿದ ಶೀತ, ಅಜೀರ್ಣ ಇದ್ದ ದಿನ ಎಣ್ಣೆ ಸ್ನಾನವಿಲ್ಲ, ಆಯುರ್ವೇದವೂ ಇದನ್ನೇ ಹೇಳುತ್ತದೆ. ಗಾಯ, ಕಜ್ಜಿ, ಹೊಸ ಶಸ್ತ್ರಚಿಕಿತ್ಸೆಯ ಹೊಲಿಗೆ ಇದ್ದವರು ವೈದ್ಯರು ಸರಿ ಎನ್ನುವವರೆಗೆ ಕಾಯಬೇಕು. ಸಿಸೇರಿಯನ್ ಆದ ಬಾಣಂತಿಗೂ ಇದೇ ಮಾತು. ಗರ್ಭಿಣಿಯ ಹೊಟ್ಟೆಯನ್ನು ಒತ್ತಬಾರದು. ಜಿಡ್ಡುಜಿಡ್ಡಾದ ಹಳದಿ ಹೊಟ್ಟು ಬೀಳುವ ತಲೆಗೆ ಎಣ್ಣೆ ನೆನೆಸಿದರೆ ಹೊಟ್ಟು ಹೆಚ್ಚುತ್ತದೆ, ಅದನ್ನು ಬೆಳೆಸುವ ಶಿಲೀಂಧ್ರಕ್ಕೆ ಜಿಡ್ಡೇ ಆಹಾರ. ಹಸುಗೂಸಿಗೆ ಸಾಸಿವೆ ಎಣ್ಣೆ ಬೇಡ, ಎಳೆಚರ್ಮ ಕೆರಳುತ್ತದೆ. ಮಗುವಿನ ಮೂಗು, ಕಿವಿ, ಬಾಯಿಗೆ ಎಣ್ಣೆ ಬಿಡುವ ರೂಢಿಯನ್ನು ಮನೆಯ ಹಿರಿಯರು ಎಷ್ಟೇ ಹೇಳಿದರೂ ಮಾಡಬೇಡಿ. ಮೂಗಿನ ಎಣ್ಣೆ ಉಸಿರಿನೊಡನೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗುತ್ತದೆ.

ಸ್ನಾನದ ಮೇಲೆ

ಕೂದಲನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ಹಿಂಡದೆ ಒತ್ತಿ. ಬುಡ ಪೂರ್ತಿ ಒಣಗುವವರೆಗೆ ಜಡೆ ಹಾಕಬೇಡಿ. ಮಲೆನಾಡಿನ ಮಳೆಗಾಲದಲ್ಲಿ ಇದಕ್ಕೇ ಮಧ್ಯಾಹ್ನವಾಗುತ್ತದೆ, ಅಂಥ ದಿನ ಬೆಳಗ್ಗೆ ಎಂಟರೊಳಗೆ ಸ್ನಾನ ಮುಗಿದಿರಲಿ. ಸಾಂಬ್ರಾಣಿ ಹೊಗೆ ಹಿಡಿಯುವುದಾದರೆ ಕಿಟಕಿ ತೆರೆದಿರಬೇಕು. ಉಬ್ಬಸದವರಿಗೂ ಮಗುವಿಗೂ ಆ ಹೊಗೆ ಬೇಡ. ಊಟಕ್ಕೆ ಬಿಸಿ ಅನ್ನ, ತುಪ್ಪ, ಮೆಣಸಿನ ಸಾರು. ಹಸಿವು ಜೋರಾಗಿರುತ್ತದೆ, ಹೊಟ್ಟೆ ಬಿರಿಯುವಷ್ಟು ಉಣ್ಣುವ ಆಸೆಯನ್ನು ಸ್ವಲ್ಪ ಹಿಡಿಯಿರಿ. ಮುಕ್ಕಾಲು ಗಂಟೆ ಒರಗಿಕೊಳ್ಳಿ, ಜೊಂಪು ಬಂದರೆ ಬರಲಿ. ಮೂರು ಗಂಟೆ ಮಲಗಿಬಿಟ್ಟರೆ ಮಾತ್ರ ರಾತ್ರಿಯ ನಿದ್ದೆ ಹಾಳು.

ಬಚ್ಚಲಿಗೆ ವಾಷಿಂಗ್ ಸೋಡಾ ಎರಚಿ ಬಿಸಿನೀರು ಹೊಯ್ದು ಬ್ರಷ್‌ನಲ್ಲಿ ಉಜ್ಜುವವರೆಗೆ ಮನೆಯ ಬೇರೆಯವರನ್ನು ಒಳಗೆ ಬಿಡಬೇಡಿ. ಎಣ್ಣೆಯಾದ ಟವೆಲ್, ಬೆಡ್‌ಶೀಟುಗಳನ್ನು ಸೋಡಾ ನೀರಲ್ಲಿ ನೆನೆಸಿ ಒಗೆದು ಹಗ್ಗದ ಮೇಲೆ ಒಣಹಾಕಿ. ಅಮೆರಿಕ, ಯುರೋಪಿನ ಮನೆಗಳಲ್ಲಿರುವವರು ಇವನ್ನು ಬಟ್ಟೆ ಒಣಗಿಸುವ ಯಂತ್ರಕ್ಕೆ ಹಾಕಲೇಬಾರದು. ಒಗೆದ ಮೇಲೂ ಉಳಿದ ಎಣ್ಣೆ ಆ ಬಿಸಿಗೆ ತಾನೇ ಕಾವು ಏರಿ ಬೆಂಕಿ ಹತ್ತಿದ್ದುಂಟು.

ಬಿಡುವೇ ಸಿಗದ ವಾರ ಅವಸರದ ಎಣ್ಣೆ ಸ್ನಾನಕ್ಕಿಂತ ಪಾದಕ್ಕಷ್ಟೇ ಎಣ್ಣೆ ಹಚ್ಚುವುದು ಲೇಸು. ರಾತ್ರಿ ಕಾಲು ತೊಳೆದು ಒರೆಸಿ, ಒಂದು ಚಮಚ ಬೆಚ್ಚಗಿನ ಎಳ್ಳೆಣ್ಣೆ, ಒಂದೊಂದು ಪಾದಕ್ಕೆ ಐದು ನಿಮಿಷ: ಹಿಮ್ಮಡಿಯಿಂದ ಬೆರಳಿನವರೆಗೆ ಹೆಬ್ಬೆರಳ ಒತ್ತು, ಬೆರಳ ಸಂದುಗಳು, ಹರಡಿನ ಸುತ್ತ. ಕಂಚಿನ ಬಟ್ಟಲಿದ್ದರೆ ಅದರ ತಳದಿಂದ ಅಂಗಾಲು ಉಜ್ಜಬಹುದು. ಆಗ ಅಂಗಾಲು ಕಪ್ಪಾಗುವುದು ಲೋಹ ಎಣ್ಣೆಯೊಡನೆ ಉಜ್ಜಿ ಬಂದ ಬಣ್ಣ, ದೇಹದ ಕಲ್ಮಶವಲ್ಲ. ಮುಗಿದ ಮೇಲೆ ಹಳೆಯ ಹತ್ತಿ ಕಾಲುಚೀಲ ಹಾಕಿಕೊಂಡೇ ಮಲಗಿ, ರಾತ್ರಿ ಎದ್ದರೆ ನೆಲದ ಮೇಲೆ ಕಾಲಿಡುವ ಮುನ್ನ ಚಪ್ಪಲಿ ಮೆಟ್ಟಿಕೊಳ್ಳಿ.